ಡಚ್ಚರಿಗೆ ಸೈನ್ಯ, ಧಾರವಾಡಕ್ಕೆ ಗಂಗವ್ವ

ಇತಿಹಾಸ ಕಲಿಸುವವರು ಇತಿಹಾಸದಿಂದ ಏನಾದರೂ ಕಲಿತಿರುತ್ತಾರೆ ಎಂದು ಜನ ನಂಬುತ್ತಾರೆ. ಆ ನಂಬಿಕೆಯ ಬಲದಿಂದಲೇ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಬಹಳ ವರ್ಷ ಸಂಬಳ ತೆಗೆದುಕೊಂಡೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬಿ.ಎ. ತರಗತಿಗೆ ನಾನು ಹೇಳುತ್ತಿದ್ದುದು ಇಂಗ್ಲೆಂಡಿನ ಇತಿಹಾಸ. ಬೆಳಿಗ್ಗೆ ಖಾನಾಪುರದಿಂದ ಪ್ಯಾಸೆಂಜರ್ ಗಾಡಿ ಹತ್ತಿ, ಹದಿನಾರನೆಯ ಶತಮಾನದ ಲಂಡನ್ನಿನಲ್ಲಿ ದಿನ ಕಳೆದು, ಸಂಜೆಯ ಗಾಡಿಗೆ ಖಾನಾಪುರಕ್ಕೆ ಮರಳುತ್ತಿದ್ದೆ.

ಆ ಲಂಡನ್ನಿನಲ್ಲಿ ಮದುವೆಯಾಗದ ಒಬ್ಬ ರಾಣಿ ಇದ್ದಳು. ಅವಳ ಆಸ್ಥಾನದಲ್ಲಿ ಎರಡು ಗುಂಪುಗಳಿದ್ದವು. ಸ್ಪೇನಿನ ವಿರುದ್ಧ ಬಂಡೆದ್ದ ಡಚ್ಚರಿಗೆ ಸೈನ್ಯ ಕಳಿಸಬೇಕೆಂದು ರಾಣಿಯ ಮೆಚ್ಚಿನ ಸರದಾರನ ಗುಂಪು, ಕಳಿಸಿದರೆ ಬೊಕ್ಕಸ ಬರಿದಾದೀತೆಂದು ಹಿರಿಯ ಮಂತ್ರಿಯ ಗುಂಪು. ರಾಣಿ ಇಬ್ಬರಿಗೂ ತಲೆಯಾಡಿಸುತ್ತ ವರ್ಷಗಟ್ಟಲೆ ಏನನ್ನೂ ನಿರ್ಧರಿಸಲಿಲ್ಲ. ಇದನ್ನು ನಾನು ರಾಜತಂತ್ರದ ಜಾಣತನವೆಂದು ಕಣ್ಣರಳಿಸಿ ವರ್ಣಿಸುತ್ತಿದ್ದೆ. ಸರದಾರರ ಬಗ್ಗೆ ಮಾತ್ರ ನನಗೆ ತಾತ್ಸಾರ. ರೇಷ್ಮೆಯ ಕಾಲುಚೀಲ ತೊಟ್ಟು ರಾಣಿಯ ಬಾಗಿಲಲ್ಲಿ ಹಲ್ಲು ಕಿರಿಯುವ ಆ ಜನರನ್ನು ನಾನು ಬೈಯುವ ರಭಸಕ್ಕೆ ಸೀಮೆಸುಣ್ಣ ಮುರಿಯುತ್ತಿತ್ತು.

ರೇಷ್ಮೆಯ ಕಾಲುಚೀಲವಿಲ್ಲದ ಸರದಾರರು ನಮ್ಮ ಅಧ್ಯಾಪಕರ ಕೋಣೆಯಲ್ಲೂ ಇದ್ದರು. ಫ್ಯಾನಿನ ಕೆಳಗೆ ಅರ್ಥಶಾಸ್ತ್ರ ಕಲಿಸುವ, ಅಂಗಡಿ ಎಂಬ ಅಡ್ಡಹೆಸರಿನವರ ಗುಂಪು, ಕಿಟಕಿಯ ಪಕ್ಕ ಇಂಗ್ಲಿಷಿನ ದೇಸಾಯರ ಗುಂಪು. ಇವರು ಕಿಟಕಿ ತೆರೆದರೆ ಅವರಿಗೆ ನೆಗಡಿ. ಅವರು ಫ್ಯಾನು ಹಾಕಿದರೆ ಇವರ ಹಾಳೆಗಳು ಹಾರುತ್ತಿದ್ದವು. ನಾನು ನಡುವಿನ ಕುರ್ಚಿಯಲ್ಲಿ ಕೂತು ಎರಡೂ ಕಡೆಯ ಚಹಾ ಕುಡಿಯುತ್ತಿದ್ದೆ.

ಆ ವರ್ಷ ಧಾರವಾಡದಲ್ಲಿ ವಿದ್ಯಾರ್ಥಿಗಳ ಇತಿಹಾಸ ಪ್ರಬಂಧ ಸ್ಪರ್ಧೆ ನಡೆಯುವುದಿತ್ತು. ಕಾಲೇಜಿಗೆ ಒಬ್ಬರೇ, ಶಿಫಾರಸಿನ ಸಹಿ ನನ್ನದು. ಮೊದಲು ಅಂಗಡಿಯವರು ಬಂದರು.

"ನಮ್ಮ ತಂಗಿ ಮಗನ ಹೆಸರು ಬರೀರಿ ಸರ್. ಹುಡುಗ ಭಾಳ ಚುರುಕ ಅದಾನ."

ಆ ಚುರುಕು ಹುಡುಗ ಸ್ಪೇನ್ ಎಂದರೆ ರಾಣಿಯ ತವರುಮನೆಯೇ ಎಂದು ತರಗತಿಯಲ್ಲಿ ಕೇಳಿದ್ದ. ನಾನು "ಆತ್ರೀ, ನೋಡೂಣು" ಎಂದೆ. ಮಧ್ಯಾಹ್ನ ದೇಸಾಯರು ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗನ ಹೆಸರು ಹೇಳಿದರು. ಅವನು ತರಗತಿಗೇ ಬರುತ್ತಿರಲಿಲ್ಲ. ಅವರಿಗೂ "ಆತ್ರೀ, ನೋಡೂಣು" ಎಂದೆ.

ನಿಜಕ್ಕೂ ಪ್ರಬಂಧ ಬರೆದಿದ್ದವಳು ದೇಸೂರಿನ ಗಂಗವ್ವ, ಕುರಿ ಕಾಯುವವರ ಮನೆಯ ಹುಡುಗಿ. ಸರದಾರರಿಗೆ ಸ್ಪೇನೂ ಬೇಕಿರಲಿಲ್ಲ, ಡಚ್ಚರೂ ಬೇಕಿರಲಿಲ್ಲ, ಎದುರಿನ ಗುಂಪು ಮಣ್ಣು ಮುಕ್ಕಬೇಕಿತ್ತು. ಅದಕ್ಕಾಗಿ ಸತ್ತವರು ಸಿಪಾಯಿಗಳು ಎಂದು ಬರೆದಿದ್ದಳು. ಓದಿ, "ಭಾಳ ಚಲೋ ಅದ" ಎಂದು ಅವಳಿಗೆ ಹೇಳಿದೆ. ಸಹಿ ಮಾತ್ರ ಮಾಡಲಿಲ್ಲ.

ಒಂದು ಸಂಜೆ ಗಾಡಿಯಲ್ಲಿ ನನ್ನೆದುರು ಬಂದು ನಿಂತಳು. "ಸರ್, ನಾಳೆ ಕಡೀ ದಿನ ಐತ್ರಿ. ಧಾರವಾಡಕ್ಕ ಆರಿಸಿದ್ರ ಎಂ.ಎ. ಓದಸ್ತೀನಿ, ಇಲ್ಲಂದ್ರ ಯುಗಾದಿ ಮುಗದಕೂಡ್ಲೆ ಲಗ್ನ ಅಂತ ಅಪ್ಪ ಹೇಳ್ಯಾನ್ರಿ."

"ನೋಡೂಣು ಗಂಗವ್ವ. ಎರಡೂ ಕಡೆ ನೋಡ್ಕೊಂಡು ಹೋಗಬೇಕಾಗ್ತದ."

"ರಾಣಿ ಸುಮ್ಮನಿದ್ದದ್ದು ಜಾಣತನ ಅಂತ ನೀವು ಹೇಳಿದ್ರಿ. ನಾ ಅಂಜಿಕಿ ಅಂತ ಬರದೀನ್ರಿ. ತಪ್ಪಾತೇನ್ರಿ?"

ಅಷ್ಟರಲ್ಲಿ ದೇಸೂರು ಬಂತು. ಅವಳು ಇಳಿದು ಹೋದಳು. ದೇಸೂರಿಗೆ ನಾನು ಯಾವತ್ತೂ ಅಷ್ಟು ಕೃತಜ್ಞನಾಗಿರಲಿಲ್ಲ.

ಮರುದಿನ ನಾನು ಜ್ವರದ ನೆಪ ಹೇಳಿ ರಜೆ ಹಾಕಿದೆ. ಗಂಗವ್ವ ನೇರವಾಗಿ ಪ್ರಾಂಶುಪಾಲ ಮೇಡಮ್ಮರ ಕೋಣೆಗೆ ಹೋಗಿ ಪ್ರಬಂಧವನ್ನು ಮೇಜಿನ ಮೇಲಿಟ್ಟಳಂತೆ. "ನಿಮ್ಮ ಸರ್ ಏನಂದ್ರು?" ಎಂದು ಮೇಡಂ ಕೇಳಿದ್ದಕ್ಕೆ, "ಓದಿ ಭಾಳ ಚಲೋ ಐತಿ ಅಂದಾರ್ರಿ" ಎಂದಳಂತೆ. ಅದು ಸುಳ್ಳಲ್ಲ. ಮೇಡಂ ಪೂರ್ತಿ ಓದಿ, ತಾವೇ ಸಹಿ ಮಾಡಿ ಕಳಿಸಿದರು.

ನಾನು ಮರಳಿದಾಗ ನನಗೆ ಎರಡೂ ಕಡೆಯ ಚಹಾ ನಿಂತಿತ್ತು. ನಾನು ದೇಸಾಯರ ಜೊತೆ ಸೇರಿ ಸಂಚು ಮಾಡಿದೆನೆಂದು ಅಂಗಡಿಯವರು, ಅಂಗಡಿಯವರ ಜೊತೆ ಸೇರಿದೆನೆಂದು ದೇಸಾಯರು ನಂಬಿದ್ದರು. ಏನನ್ನೂ ಮಾಡದೆ ಇಬ್ಬರಿಗೂ ಶತ್ರುವಾಗುವಷ್ಟು ಸಾಮರ್ಥ್ಯ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಗಂಗವ್ವ ಧಾರವಾಡದಿಂದ ಎರಡನೆಯ ಬಹುಮಾನ ತಂದಳು. ಲಗ್ನದ ಮಾತು ನಿಂತಿತು. ಸಭೆಯಲ್ಲಿ ಮೇಡಂ ಅವಳಿಗೆ ಹಾರ ಹಾಕಿ, "ಯಾರ ಒತ್ತಡಕ್ಕೂ ಬಗ್ಗದೆ ಈ ಹುಡುಗಿಯ ಬೆನ್ನಿಗೆ ನಿಂತವರು ನಮ್ಮ ಇತಿಹಾಸದ ಸರ್" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎದ್ದು ನಿಂತು ನಿಜ ಹೇಳುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ನಾನು ಎದ್ದೂ ನಿಂತೆ. ಆದರೆ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಮತ್ತೆ ಕೂತೆ.

ಸಂಜೆ ಗಾಡಿಯಲ್ಲಿ ಗಂಗವ್ವ ಹಾರದಿಂದ ಒಂದು ಹೂ ಕಿತ್ತು ಕೊಟ್ಟಳು. "ಗಂಗವ್ವ, ಅಲ್ಲಿ ನಾನು..." ಎಂದು ಶುರು ಮಾಡಿದೆ.

"ಇರ್ಲಿ ಬಿಡ್ರಿ ಸರ್," ಎಂದಳು. "ಇತಿಹಾಸ ಹಿಂಗ ಬರೀತಾರಂತ ಈಗ ತಿಳೀತು."

ಹೂವನ್ನು ಮನೆಗೆ ಒಯ್ದೆ. ಧೈರ್ಯಕ್ಕೆ ಸಿಕ್ಕ ಮರ್ಯಾದೆ ಎಂದು ಹೆಂಡತಿಗೆ ಹೇಳಿದೆ.