ಎವಾರಿಸ್ತೊ ತಂದ ಚಿಕ್ಕ ಪೆಟ್ಟಿಗೆ

ಎವಾರಿಸ್ತೊ ಪಾಲ್ಮನ ತೊಂದರೆಗೆಲ್ಲ ಮೂಲ ಅವನ ಹತ್ತು ಬೆರಳುಗಳು. ಸುಮ್ಮನಿರುವುದು ಅವುಗಳ ಜಾಯಮಾನದಲ್ಲೇ ಇರಲಿಲ್ಲ. ನೋಟರಿಯವರ ಕಚೇರಿಯಲ್ಲಿ ಕಾಗದಗಳಿಗೆ ಮೊಹರು ಒತ್ತುವುದು ಅವನ ಕೆಲಸ. ಒತ್ತುತ್ತ ಒತ್ತುತ್ತ ತಾಳ ಹಿಡಿದುಬಿಟ್ಟನೆಂದರೆ, ಒಂದು ಮೊಹರು ಬೀಳಬೇಕಾದ ಕ್ರಯಪತ್ರಕ್ಕೆ ಏಳು ಬೀಳುತ್ತಿದ್ದವು. ಮನೆಯಲ್ಲಿ ಬಾಗಿಲು, ಬಕೆಟ್ಟು, ತಟ್ಟೆ, ಒಮ್ಮೆ ಮೈಮರೆತು ನಿದ್ದೆಹೋಗಿದ್ದ ಅತ್ತೆಯ ಬೆನ್ನು, ಯಾವುದೂ ಅವನ ಕೈಯಿಂದ ಪಾರಾಗಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಊಟದ ಮೇಜು ಬಾರಿಸುತ್ತಿದ್ದಾಗ ಅದರ ಕಾಲು ಲಟಕ್ಕೆಂದು ಮುರಿಯಿತು. ಮೇಲಿದ್ದ ಬೇಯಿಸಿದ ಕಾಳಿನ ಪಾತ್ರೆ ಜಾರಿ ಸೀದಾ ಅತ್ತೆ ದೊನ್ಯಾ ಪೆತ್ರೊನಿಲಾಳ ಮಡಿಲಿಗೆ ಬಿತ್ತು. ಪುಣ್ಯಕ್ಕೆ ಕಾಳು ತಣ್ಣಗಾಗಿತ್ತು. ಅತ್ತೆ ತಣ್ಣಗಿರಲಿಲ್ಲ.

"ನಿಲ್ಸಯ್ಯಾ ಮಾರಾಯ! ದೇವರು ನಿನ್ನ ಕೈಗೆ ಕಜ್ಜಿ ಕೊಟ್ಟಿದ್ರೂ ವಾಸಿಯಿತ್ತು, ಕೆರ್ಕೊಂಡಾದ್ರೂ ಕೂತಿರ್ತಿದ್ದೆ!" ಎಂದು ಸಿಡಿದು, ಗುರುಗುಟ್ಟುವ ಬೆಕ್ಕಿನಂತೆ ಬಟ್ಟೆ ಬದಲಿಸಲು ಎದ್ದುಹೋದಳು.

ಹೆಂಡತಿ ಎರ್ಲಿಂದ ಗಂಡನನ್ನು ಮೂಲೆಗೆ ಎಳೆದಳು. "ನೋಡ್ರೀ, ಇದು ಹೀಗೇ ನಡೆದ್ರೆ ಮನೇಲಿ ಒಂದು ಸಾಮಾನೂ ಉಳಿಯಲ್ಲ. ಹೋಗಿ ಮೇಲೆ ಕೂತು ಬಾರಿಸೋ ಮರದ ಪೆಟ್ಟಿಗೆ ಒಂದು ತಂದ್ಕೊಳ್ಳಿ. ಅಗ್ಗದ್ದಿರಲಿ. ಚಿಕ್ಕದಿರಲಿ, ಮಂಚದ ಕೆಳಗೆ ತೂರಬೇಕು. ನಾನೂ ಅಮ್ಮನೂ ಚಿಕ್ಕಮ್ಮನ ಮನೆಗೆ ಹೊರಟಿದೀವಿ, ಸಂಜೆ ಬರ್ತೀವಿ. ಅಷ್ಟರೊಳಗೆ ತಂದು ಒಳಗೆ ತಳ್ಳಿ. ಅಮ್ಮಂಗೆ ಗೊತ್ತಾದ್ರೆ ಅದೇ ಪೆಟ್ಟಿಗೆಯ ಮರದಲ್ಲಿ ನಿಮಗೆ ಬಾರಿಸ್ತಾಳೆ."

ನಲವತ್ತೆಂಟು ವರ್ಷದ ಎವಾರಿಸ್ತೊ ಹೊಸ ಬೂಟು ಕೊಡಿಸಿದ ಮಗುವಿನಂತೆ ಕುಣಿಯುತ್ತ ಹೊರಟ.

ಅನ್ಸೆಲ್ಮೊ ಮೇಸ್ತ್ರಿಯ ಅಂಗಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿತ್ತು. ಬೋರ್ಡಿನ ಮೇಲೆ 'ಪೆಟ್ಟಿಗೆಗಳು' ಎಂದಷ್ಟೇ ಇತ್ತು. ಎಡಗಡೆ ಬಾರಿಸುವ ಪೆಟ್ಟಿಗೆಗಳು, ಬಲಗಡೆ ಸತ್ತವರು ಮಲಗುವ ಪೆಟ್ಟಿಗೆಗಳು. ಎರಡಕ್ಕೂ ಅದೇ ಮರ, ಅದೇ ಗೋಂದು, ಲಿಮಾ ನಗರದವರ ಬಾಯಲ್ಲಿ ಅದೇ ಹೆಸರು.

ಮೇಸ್ತ್ರಿ ಮೂರನ್ನು ಸಾಲಾಗಿ ಇಟ್ಟ. ಮೊದಲನೆಯದು ಎತ್ತರದ್ದು. "ಇದು ಮೇಳದವರದ್ದು. ಒಂದೇಟು ಕೊಟ್ರೆ ಮೂರು ಬೀದಿ ಎದ್ದು ಕೂತ್ಕೊಳ್ಳುತ್ತೆ." ಎರಡನೆಯದರ ಬೆಲೆ ಕೇಳಿ ಎವಾರಿಸ್ತೊನೇ ಕೆಳಗೆ ಕೂತ. ಮೂರನೆಯದು ಉಳಿದ ತುಂಡು ಹಲಗೆಗಳಿಂದ ಮಾಡಿದ್ದು. ಮೊಣಕಾಲಿಗಿಂತ ಗಿಡ್ಡ, ನೋಡಲು ಹಣ್ಣಿನ ಪೆಟ್ಟಿಗೆಯ ತಮ್ಮನಂತಿತ್ತು. ಎವಾರಿಸ್ತೊ ಅದರ ಮೇಲೆ ಕೂತು ಬಾಗಿ ಮುಂದಿನ ತೆಳು ಹಲಗೆಯ ನಡುವಿಗೆ ಅಂಗೈ ಬೀಸಿದ. 'ದುಂ' ಎಂದಿತು. ಮೇಲಿನ ಅಂಚಿಗೆ ಬೆರಳು ಬಡಿದ. 'ಟಕ್' ಎಂದಿತು. ಆಳು ಗಿಡ್ಡನಾದರೂ ಗಂಟಲು ದೊಡ್ಡದಿತ್ತು.

ಆದರೆ ಚೌಕಾಸಿ ಮಾಡದೆ ಕೊಂಡರೆ ಕೊಂಡ ಹಾಗೇ ಅಲ್ಲವಲ್ಲ. "ಸ್ವಲ್ಪ ಇಳಿಸಿ ಮೇಸ್ತ್ರಿ," ಎಂದು ಎದ್ದು ಬಲಗಡೆಗೆ ಹೋಗಿ, ಮಲಗುವ ಪೆಟ್ಟಿಗೆಯೊಂದಕ್ಕೆ ಮೊಣಕೈ ಊರಿ ನಿಂತ. "ದೊಡ್ಡದೆಲ್ಲ ನನಗ್ಯಾಕೆ? ಚಿಕ್ಕದು, ಅಗ್ಗದ್ದು ಇದ್ರೆ ಸಾಕು. ಮನೆ ಮಟ್ಟಿಗೆ ತಾನೆ!"

ಸರಿಯಾಗಿ ಆಗಲೇ ಬಾಗಿಲ ಮುಂದೆ ಹಾದುಹೋಗುತ್ತಿದ್ದವಳು ದೊನ್ಯಾ ತೊಮಾಸಾ. ಎವಾರಿಸ್ತೊ ಇರುವ ವಠಾರದ ಬಾಯಲ್ಲೇ ಕೆಂಡದ ಮೇಲೆ ದನದ ಗುಂಡಿಗೆ ಸುಟ್ಟು ಮಾರುವವಳು. ವಠಾರದ ರೇಡಿಯೋ ಕೂಡ ಅವಳೇ. ಬುಟ್ಟಿಯಲ್ಲಿದ್ದ ನಾಲ್ಕು ಗುಂಡಿಗೆಗಳ ಜೊತೆ ಅವಳ ಸ್ವಂತದ್ದೂ ಧಸಕ್ಕೆಂದಿತು.

"ಎವಾರಿಸ್ತೊ! ಇಲ್ಲೇನಪ್ಪಾ? ಮನೇಲೆಲ್ಲ ಹುಷಾರಾ? ನಿಮ್ಮತ್ತೆ?"

ಗುಟ್ಟು ಒಡೆಯಿತೆಂದು ಎವಾರಿಸ್ತೊ ಬೆವರಿದ. "ಅತ್ತೆಯಾ? ಅತ್ತೆ ಹೋದ್ರು."

"ಹೋದ್ರಾ! ಯಾವಾಗ?"

"ಬೆಳಿಗ್ಗೇನೇ. ಕಾಳು ಚೆಲ್ತಲ್ಲ, ಅದಾದ್ಮೇಲೆ ಹೋದ್ರು."

"ಅಯ್ಯೋ ನನ್ನ ತಾಯೀ! ಎರ್ಲಿಂದ ಹೇಗೆ ತಡ್ಕೊಂಡ್ಳು?"

"ಅವಳೂ ಅಮ್ಮನ ಹಿಂದೇನೇ ಹೋದ್ಳು." ಎವಾರಿಸ್ತೊ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮ ಕಾಲಿಗೆ ಬೀಳ್ತೀನಿ, ಈ ಪೆಟ್ಟಿಗೆ ವಿಷಯ ಯಾರಿಗೂ ಹೇಳ್ಬೇಡಿ. ಸದ್ದಿಲ್ದೆ ಮುಗಿಸ್ಬಿಡ್ಬೇಕು ಅಂತಿದೀನಿ." ಎಂದು ಹಲ್ಲು ಕಿರಿದ.

ದೊನ್ಯಾ ತೊಮಾಸಾ ಯಾರಿಗೂ ಹೇಳಲಿಲ್ಲ. ವಠಾರದ ಬಾಗಿಲಲ್ಲಿ ನಿಂತು ಕೂಗಿದಳು ಅಷ್ಟೆ.

"ಇಬ್ರೂ ಹೋದ್ರಂತೆ ಕಣ್ರೇ! ತಾಯಿ ಮಗಳು, ಒಂದೇ ಬೆಳಿಗ್ಗೆ! ಏನೋ ಕಾಳಂತೆ! ಇಬ್ರಿಗೂ ಸೇರಿ ಒಂದೇ ಪೆಟ್ಟಿಗೆ, ಅದೂ ಚಿಕ್ಕದು, ಅದೂ ಅಗ್ಗದ್ದು! ನಗ್ತಾ ಬೇರೆ ಇದ್ದ, ಪಾಪಿ!"

ಗಂಟೆಯೊಳಗೆ ವಠಾರದ ನಡುವಿನ ನಲ್ಲಿಕಟ್ಟೆಯ ಸುತ್ತ ಬೆಂಚು ಬಂದವು, ಮೇಣದಬತ್ತಿ ಬಂದವು, ಕೊಳಗದಷ್ಟು ಕಾಫಿ ಬಂತು. ಕ್ಷೌರಿಕ ನಿಕೊಮೇದೆಸ್ ಕತ್ತರಿ ಕೆಳಗಿಟ್ಟು ಗಿಟಾರು ತಂದ. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿ ಸೋಪಿನ ಸಮೇತ ಬಂದು ಅಳತೊಡಗಿದ. ಹತ್ತನೇ ಮನೆಯ ಹವಾಲ್ದಾರ ಮೆಲ್ಕಿಯಾದೆಸ್ ರಜೆಯಲ್ಲಿದ್ದವನು ಚಡ್ಡಿಯ ಮೇಲೇ ಟೋಪಿ ಹಾಕಿಕೊಂಡು ಹೊರಬಿದ್ದ. "ಕಾಳು ಅಂದ್ರಾ? ಪಾತ್ರೆ ಯಾರೂ ತೊಳೀಬೇಡಿ. ಅದು ಸಾಕ್ಷಿ."

ಇದಾವುದನ್ನೂ ಅರಿಯದ ಎವಾರಿಸ್ತೊ ಸಂಜೆಯವರೆಗೂ ಚೌಕಾಸಿ ಮಾಡಿ, ಗೋಣಿಯಲ್ಲಿ ಸುತ್ತಿದ ಪೆಟ್ಟಿಗೆ ಹೆಗಲಿಗೇರಿಸಿ, ಸಿಳ್ಳೆ ಹಾಕುತ್ತ ವಠಾರದೊಳಗೆ ಕಾಲಿಟ್ಟ. ಸಿಳ್ಳೆ ಅರ್ಧಕ್ಕೇ ನಿಂತಿತು. ನಲವತ್ತು ಜನ ಕಪ್ಪು ಬಟ್ಟೆಯಲ್ಲಿ ಅವನನ್ನೇ ನೋಡುತ್ತಿದ್ದರು.

"ಯಾರಪ್ಪಾ ಹೋದ್ರು?" ಎಂದು ಟೋಪಿ ತೆಗೆದ.

"ಕೇಳಿದ್ರಾ! ಕೇಳಿದ್ರಾ ಇವನ ನಾಟಕ!" ಎಂದಳು ತೊಮಾಸಾ.

ಹವಾಲ್ದಾರ ಮುಂದೆ ಬಂದ. "ಪೆಟ್ಟಿಗೆ ಕೆಳಗಿಡು. ಒಳಗ್ಯಾರಿದ್ದಾರೆ?"

"ಯಾರೂ ಇಲ್ಲ, ಖಾಲಿ. ಹಿಂದ್ಗಡೆ ತೂತಿದೆ, ಬೇಕಾದ್ರೆ ನೀವೇ ನೋಡಿ."

"ಉಸಿರಾಡೋಕೆ ತೂತು ಬೇರೆ ಬಿಟ್ಟಿದಾನಲ್ಲೇ!" ಎಂದು ಯಾರೋ ಗೊಳೋ ಎಂದರು.

ಹವಾಲ್ದಾರ ಗೋಣಿ ಕಿತ್ತು ತೂತಿಗೆ ಕಣ್ಣಿಟ್ಟ, ಕತ್ತಲೆ. ಮೂಗಿಟ್ಟ, ಗೋಂದಿನ ವಾಸನೆ. ಕಡೆಗೆ ಕೈ ಹಾಕಿದ. ಹೋಗುವಾಗ ಹೋದ ಕೈ ಬರುವಾಗ ಬರಲಿಲ್ಲ. "ಹಿಡ್ಕೊಂಡಿದೆ! ಒಳಗ್ಯಾರೋ ನನ್ನ ಕೈ ಹಿಡ್ಕೊಂಡಿದಾರೆ!" ಎಂದು ಕಿರುಚಿ, ಪೆಟ್ಟಿಗೆ ಸಮೇತ ನಲ್ಲಿಕಟ್ಟೆಯನ್ನು ಗಾಣದೆತ್ತಿನಂತೆ ಸುತ್ತತೊಡಗಿದ. ಹೆಂಗಸರು ಪ್ರಾರ್ಥನೆ ಶುರುಮಾಡಿದರು. ಎವಾರಿಸ್ತೊ "ನನ್ನ ಪೆಟ್ಟಿಗೆ! ಹಲಗೆ ತೆಳು! ಹುಷಾರು!" ಎಂದು ಅವನ ಹಿಂದೆ ಓಡಿದ.

ಆ ಹೊತ್ತಿಗೆ ವಠಾರದ ಬಾಗಿಲಲ್ಲಿ ತಾಯಿ ಮಗಳು ಬಂದು ನಿಂತರು. ಮೊದಲು ಕಂಡವಳು ತೊಮಾಸಾ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಲು ಹೋದ ಕೈ ಹಣೆಯಲ್ಲೇ ನಿಂತು, ಅವಳು ಸೀದಾ ಸೋಪಿನ ಗಡ್ಡದವನ ಮಡಿಲಿಗೆ ಕುಸಿದಳು.

ಎರ್ಲಿಂದ ಮೇಣದಬತ್ತಿ ನೋಡಿದವಳೇ "ಅಯ್ಯೋ ನನ್ನ ಗಂಡ!" ಎಂದು ಬೊಬ್ಬೆ ಹಾಕಿದಳು. ಗಂಡ ಅವಳ ಮುಂದೆಯೇ ಮೂರನೇ ಸುತ್ತು ಓಡಿಹೋದ.

ದೊನ್ಯಾ ಪೆತ್ರೊನಿಲಾ ಮಾತ್ರ ಅಲ್ಲಾಡಲಿಲ್ಲ. "ಯಾರು ಸತ್ತಿದ್ದು?"

ಕ್ಷೌರಿಕ ಗಿಟಾರನ್ನು ಎದೆಗೆ ಅವಚಿಕೊಂಡು ತೊದಲಿದ. "ನೀ... ನೀವೇ ಅಮ್ಮ."

"ನಾನಾ? ಸರಿ ಬಿಡು. ಕಾಫಿಗೆ ಸಕ್ಕರೆ ಹಾಕಿದೀರಾ?"

ಕಾಫಿ ಮುಗಿಯುವುದರೊಳಗೆ ಒಬ್ಬೊಬ್ಬರ ಬಾಯಿಂದ ಒಂದೊಂದು ತುಂಡು ಸೇರಿ ಕತೆಯೆಲ್ಲ ಹೊರಬಿತ್ತು. ಜೊತೆಗೆ ಪೆಟ್ಟಿಗೆಯ ಗುಟ್ಟೂ. ಎವಾರಿಸ್ತೊ ಕಣ್ಣು ಮುಚ್ಚಿಕೊಂಡು ಏಟಿಗೆ ಕಾದ.

ಮುದುಕಿ ಹವಾಲ್ದಾರನ ಬಳಿ ಹೋದಳು. "ಒಳಗೆ ಮುಷ್ಟಿ ಕಟ್ಟಿದೀಯಲ್ಲೋ ದಡ್ಡ, ಬಿಡಿಸು," ಎಂದಳು. ಕೈ ಸುಲಭವಾಗಿ ಈಚೆ ಬಂತು. ಅವಳು ಮುಂದಿನ ಹಲಗೆಗೆ ಬೆರಳ ಗೆಣ್ಣಿನಿಂದ ಕುಟ್ಟಿದಳು. ಕಿವಿ ಇಟ್ಟಳು. ಆಮೇಲೆ ಲಂಗ ಮೊಣಕಾಲಿಗೆ ಎತ್ತಿ, ಪೆಟ್ಟಿಗೆಯ ಮೇಲೆ ಕುದುರೆ ಏರಿದಂತೆ ಕೂತಳು.

ಎಪ್ಪತ್ತೊಂದು ವರ್ಷದ ಆ ಕೈಗಳು ಶುರುಮಾಡಿದವು. ದುಂ ಟಕಟಕ ದುಂ. ಮಳೆ ಮೊದಲು ದೂರದ ತಗಡಿನ ಮೇಲೆ ಬಿದ್ದು, ಬಳಿಕ ಓಡುತ್ತ ನಮ್ಮ ಮನೆ ಮೇಲೇ ಬಂದಂತಿತ್ತು. ಕ್ಷೌರಿಕನ ಗಿಟಾರು ತಾನೇ ತಾನಾಗಿ ಎದ್ದು ಜೊತೆ ಸೇರಿತು. ಸೋಪಿನ ಗಡ್ಡದವನು ಕರವಸ್ತ್ರ ತೆಗೆದು, ಆಗಷ್ಟೇ ಎಚ್ಚರವಾದ ತೊಮಾಸಾಳನ್ನು ಕುಣಿಯಲು ಎಳೆದ. ಹವಾಲ್ದಾರ ಚಡ್ಡಿಯಲ್ಲೇ ಸೊಂಟ ತಿರುಗಿಸಿದ. ಸಾವಿನ ಮನೆಗೆಂದು ತಂದ ಮೇಣದಬತ್ತಿಗಳು ಕುಣಿತದ ಗಾಳಿಗೆ ಆರಿಹೋದವು, ಯಾರಿಗೂ ತಿಳಿಯಲಿಲ್ಲ.

ಎವಾರಿಸ್ತೊನ ಕಣ್ಣಲ್ಲಿ ನೀರೇ ಬಂತು. "ಅತ್ತೇ! ನೀವಾ! ಮತ್ತೆ ಇಪ್ಪತ್ತು ವರ್ಷದಿಂದ ನನಗೆ ಬಾರಿಸ್ಬೇಡ ಬಾರಿಸ್ಬೇಡ ಅಂತ..."

"ಸದ್ದಾಗುತ್ತೆ ಅಂತ ನಾನು ಅಂದ್ನೇನೋ? ನಿನ್ನ ತಾಳ ತಪ್ಪುತ್ತೆ ಕಣಯ್ಯಾ! ಒಂದು ದಿನ, ಒಂದೇ ಒಂದು ದಿನ ನೀನು ಸರಿಯಾದ ಜಾಗಕ್ಕೆ ಹೊಡೆದಿದ್ರೆ ನಾನೇ ಎದ್ದು ಕುಣೀತಿದ್ದೆ. ಅಳಿಯ ಬೇಜಾರು ಮಾಡ್ಕೋತಾನೆ ಅಂತ ಬಾಯಿಬಿಟ್ಟು ಹೇಳಲಿಲ್ಲ."

ಪೆಟ್ಟಿಗೆ ಮಂಚದ ಕೆಳಗೇನೋ ಹೋಯಿತು. ಅತ್ತೆಯ ಮಂಚದ ಕೆಳಗೆ. ಮುಂದಿನ ಶನಿವಾರವೇ ಕ್ಷೌರಿಕ ಜನ ಹಾಡು ಕುಣಿತಕ್ಕೆ ಸೇರುವ, ತಾನು ಗಿಟಾರು ನುಡಿಸುವ ಹಾಡಿನ ಮನೆಗೆ ಅವಳನ್ನು ಬಾರಿಸಲು ಕರೆದ. ಸಂಜೆ ಮುದುಕಿ ಕೆಂಪು ಶಾಲು ಹೊದ್ದು, ಕಿವಿಗೆ ದೊಡ್ಡ ಲೋಲಾಕು ಹಾಕಿಕೊಂಡು ರಾಣಿಯಂತೆ ಮುಂದೆ ನಡೆದಳು. ಹಿಂದೆ ಎವಾರಿಸ್ತೊ, ಹೆಗಲ ಮೇಲೆ ಪೆಟ್ಟಿಗೆ. ದಾರಿಯುದ್ದಕ್ಕೂ ಅವನಿಗೊಂದೇ ಆಸೆ. ಒಳಗೆ ಹೋದ ಮೇಲೆ ಒಂದು ಮೂಲೆಯಲ್ಲಿ ಕೂತು ಕೇಳುವುದು, ಸಾಧ್ಯವಾದರೆ ಬಿಡುವಿನಲ್ಲಿ ಎರಡೇ ಎರಡು ಏಟು ಹಾಕುವುದು.

ಬಾಗಿಲು ಕಾಯುವವನು ಮುದುಕಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಎವಾರಿಸ್ತೊನ ಹೆಗಲಿಂದ ಪೆಟ್ಟಿಗೆಯನ್ನು ಹೂವಿನಂತೆ ಇಳಿಸಿಕೊಂಡ.

"ಒಳಗೆ ದಯಮಾಡಿಸಿ ಅಮ್ಮ, ಜನ ನಿಮಗಾಗೇ ಕಾಯ್ತಿದಾರೆ," ಎಂದು ಹೇಳಿ, ಹಿಂದೆಯೇ ನುಗ್ಗಲು ಹೊರಟ ಎವಾರಿಸ್ತೊನ ಎದೆಗೆ ಅಂಗೈ ಇಟ್ಟ. "ನೀನು ಇಲ್ಲೇ ಮೆಟ್ಟಿಲ ಮೇಲೆ ಕೂತಿರಪ್ಪ. ಹಮಾಲಿಗಳಿಗೆ ಒಳಗೆ ಪ್ರವೇಶ ಇಲ್ಲ."