ಕಾಲಜ್ಞಾನಿಗೆ ಎಲೆ ಹಾಕಿದ್ದು

ಷಡಕ್ಷರಿಯವರು ಹೆಂಡತಿಯ ಎರಡು ಮೊಣಕಾಲಿಗೂ ಪಟ್ಟಿ ಬಿಗಿದರು, ಸೊಂಟಕ್ಕೊಂದು ಡಬ್ಬಿ ಕಟ್ಟಿದರು, ಅಷ್ಟು ದೂರ ಸರಿದು ನಿಂತು ಗಂಟಲು ಸರಿಮಾಡಿಕೊಂಡು "ಅಪ್ ಚಾಗಿ" ಎಂದರು.

ಪಂಕಜಾಕ್ಷಮ್ಮನವರ ಬಲಗಾಲು ಯಜಮಾನಿಯ ಅಪ್ಪಣೆಗೂ ಕಾಯದೆ ಮುಂದಕ್ಕೆ ಚಿಮ್ಮಿತು. ಕಾಲಲ್ಲಿದ್ದ ಹವಾಯಿ ಚಪ್ಪಲಿ ಮೇಲೆ ಹಾರಿ, ತಿರುಗುವ ಫ್ಯಾನಿಗೆ ಬಡಿದು, ಅಲ್ಲಿಂದ ವರ್ಗವಾಗಿ ಟೀವಿಯ ಹಿಂದೆ ಹೋಗಿ ಸೇರಿಕೊಂಡಿತು.

"ನೋಡ್ದೇನೇ! ಕೊರಿಯಾ ಭಾಷೇಲಿ ಮುಂದಕ್ಕೆ ಒದೆ ಅಂದೆ, ಒದೀತು. ಇದರ ಹೆಸರು ಕಾಲಜ್ಞಾನಿ. ಕಾಲಿಗೆ ಜ್ಞಾನ ಕೊಡೋದು."

"ಕಾಲಿಗೆ ಕೊಟ್ರಿ, ಸರಿ. ನಿಲ್ಲೋದು ಹೇಗೆ?"

"ಅದರ ಚಿಂತೆ ಬಿಡು. ನಾನು ಮಾಡಿದ ಯಂತ್ರಗಳಿಗೆಲ್ಲ ಚೆನ್ನಾಗಿ ಬರೋದೇ ನಿಲ್ಲೋದು."

ಅದೇನೋ ನಿಜ. ತಿಪಟೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ಷಡಕ್ಷರಿಯವರು ಅಂಗಡಿ ಮುಚ್ಚಿದ ಮೇಲೆ ಮಾಡಿದ ಯಂತ್ರಗಳಲ್ಲಿ ನಿಲ್ಲದೆ ಓಡಿದ್ದು ಒಂದೇ, ಕಲ್ಯಾಣ ಮಂಟಪಕ್ಕೆಂದು ಮಾಡಿದ ಬಡಿಸುವ ಗಾಡಿ. ಊಟಕ್ಕೆ ಕೂತವರು ಸಾಕು ಅಂದರೆ ಅದು ನಿಜವಾದ ಸಾಕಲ್ಲ, ಬರೀ ಸಂಕೋಚ ಎಂದು ಷಡಕ್ಷರಿಯವರು ಅದಕ್ಕೆ ಪಾಠ ಹೇಳಿದ್ದರು. ಸಾಕು ಅಂದರೆ ಇನ್ನೊಂದು ಹೋಳಿಗೆ, ಜೋರಾಗಿ ಸಾಕು ಅಂದರೆ ಇನ್ನೆರಡು. ಎಲೆ ಮಡಚಿದ್ದನ್ನು ತನ್ನ ಗಾಜಿನ ಕಣ್ಣಲ್ಲಿ ಕಂಡರೆ ಮಾತ್ರ ಗಾಡಿ ಮುಂದೆ ಹೋಗುತ್ತಿತ್ತು. ಎರಡನೇ ಪಂಕ್ತಿಗೇ ಹೋಳಿಗೆ ಮುಗಿದು, ಬೀಗರು ಮುನಿದು, ಗಾಡಿ ಮನೆಗೆ ವಾಪಸು ಬಂದಿತ್ತು.

ಪಂಕಜಾಕ್ಷಮ್ಮನವರು ಟೇಕ್ವಾಂಡೊಗೆ ಸೇರಿದ್ದು ಓರಗಿತ್ತಿ ಸರ್ವಮಂಗಳೆಯ ಬಲವಂತಕ್ಕೆ. ಮಂಡಿ ನೋವು ಹೋಗುತ್ತದೆ ಬಾ ಅಕ್ಕ ಎಂದು ಎಳೆದುಕೊಂಡು ಹೋಗಿದ್ದಳು. ನೋವೇನೋ ಹೋಯಿತು, ಮಾನವೂ ಅದರ ಹಿಂದೆಯೇ ಹೊರಟಿತು. ಒದೆತ ಬರುತ್ತಿತ್ತು, ತಡೆ ಬರುತ್ತಿತ್ತು. ಯಾವುದಕ್ಕೆ ಯಾವ ಹೆಸರು ಅನ್ನುವುದೊಂದು ಬರುತ್ತಿರಲಿಲ್ಲ. ಹಳದಿ ಬೆಲ್ಟಿನ ಮೊದಲ ಪರೀಕ್ಷೆಯಲ್ಲಿ "ದೊಲ್ಯೊ ಚಾಗಿ", ಅಂದರೆ ಸುತ್ತಿ ಒದೆ ಎಂದಾಗ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಎರಡನೆಯದರಲ್ಲಿ "ಮಕ್ಕಿ", ಅಂದರೆ ತಡೆ ಎಂದಾಗ ಒದ್ದರು. ಅಡ್ಡ ಇದ್ದದ್ದು ಪರೀಕ್ಷಕರ ಕಾಫಿ ಲೋಟ. ಮಂಗಳ ಮೊದಲ ಸಲಕ್ಕೇ ಪಾಸಾಗಿ, ಹಾಲು ತರಲು ಹೋಗುವಾಗಲೂ ಸೀರೆಯ ಮೇಲೆ ಹಳದಿ ಬೆಲ್ಟು ಬಿಗಿಯುತ್ತಿದ್ದಳು. ಮೂರನೆಯ ಸಲವೂ ನಪಾಸಾದವರು ಬೇಸಿಗೆ ಶಿಬಿರದ ಮಕ್ಕಳ ಸಾಲಿನಲ್ಲಿ ಮೊದಲಿಂದ ಕಲಿಯಬೇಕೆಂಬುದು ಅಲ್ಲಿಯ ನಿಯಮ. ಆ ಸಾಲಿನಲ್ಲಿ ಪಂಕಜಾಕ್ಷಮ್ಮನವರ ಸ್ವಂತ ಮೊಮ್ಮಗಳಿದ್ದಳು.

ಹೀಗಾಗಿ ವಾರವೆಲ್ಲ ಮನೆಯಲ್ಲಿ ತಾಲೀಮು ನಡೆಯಿತು. ಗಂಡ ಕೂಗುವುದು, ಪಟ್ಟಿ ಎಳೆಯುವುದು, ಕಾಲು ಹೋಗುವುದು. ತರಕಾರಿ ಬುಟ್ಟಿ ಒಂದು ಸಲ ಹೋಯಿತು, ಪಕ್ಕದ ಮನೆಯ ಬೆಕ್ಕು ಖಾಯಂ ಹೋಯಿತು.

ಪರೀಕ್ಷೆ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಮಾರನೆಯ ದಿನದ ಮದುವೆಗೆಂದು ಬಾಳೆ ಎಲೆಯ ಕಟ್ಟುಗಳು ಆಗಲೇ ಬಂದು ಅಡುಗೆಮನೆ ಬಾಗಿಲಲ್ಲಿ ಕೂತಿದ್ದವು. ಬೆಂಗಳೂರಿನಿಂದ ಬಂದ ಪರೀಕ್ಷಕ ಬೋಪಯ್ಯನವರು ಪಂಕಜಾಕ್ಷಮ್ಮನವರನ್ನು ಕಂಡೊಡನೆ ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟು ಬಂದರು. ಒದೆಯುವ ಮೆತ್ತೆ ಹಿಡಿದು ಎದುರು ನಿಲ್ಲುವ ಸರದಿ ಮಂಗಳೆಯದು.

"ಅಕ್ಕ, ಮೆತ್ತೆ ಇರೋದು ಇಲ್ಲಿ. ಸಾಹೇಬರ ಮುಖ ಇರೋದು ಅಲ್ಲಿ. ನೆನಪಿರಲಿ" ಎಂದಳು ಮಂಗಳ.

"ಚರ್ಯೊತ್" ಎಂದರು ಬೋಪಯ್ಯನವರು. ಕಾಲೆರಡೂ ಜೋಡಿ ದೀಪಸ್ತಂಭದಂತೆ ನೆಟ್ಟಗಾದವು. "ಜುಂಬಿ" ಎಂದರು, ಸಿದ್ಧವಾದವು. "ಅಪ್ ಚಾಗಿ, ಶಿಜಾಕ್!" ಎಂದರು. ಶುರುವಾಯಿತು ನೋಡಿ. ಎಡ, ಬಲ, ಎಡ, ಬಲ, ಮೆತ್ತೆ ಮದ್ದಳೆಯಾಯಿತು. ಮೂಲೆಯಲ್ಲಿ ಷಡಕ್ಷರಿಯವರ ಎದೆ ಎರಡಂಗುಲ ಮುಂದೆ ಬಂತು.

"ಕುಮಾನ್" ಎಂದರು ಬೋಪಯ್ಯನವರು, ತೃಪ್ತಿಯಿಂದ. ಸಾಕು, ನಿಲ್ಲಿಸು ಅನ್ನುವುದಕ್ಕೆ ಕೊರಿಯಾದವರ ಮಾತು.

ಇನ್ನೊಂದು ಒದೆ ಬಿತ್ತು.

"ಕುಮಾನ್!" ಎಂದರು ಜೋರಾಗಿ. ಇನ್ನೆರಡು ಬಿದ್ದವು, ಕೊಂಚ ಮೇಲಕ್ಕೆ. ಮಂಗಳ ಗೋಡೆಯ ಕಡೆ ಸರಿದಳು, ಒದೆ ಅಲ್ಲಿಗೂ ಬಂತು. ಅಡುಗೆಮನೆಯ ಕಡೆ ತಿರುಗಿದಳು, ಅಲ್ಲಿಗೂ ಬಂತು. ಸಾಕು ಅಕ್ಕ, ಸಾಕು ಅಕ್ಕ ಎಂದು ಅವಳು ಹಿಂದೆ ಹಿಂದೆ ಹೋದಷ್ಟೂ ಒದೆತಗಳು ಮದುವೆಮನೆಯ ಉಪಚಾರದಂತೆ ಧಾರಾಳವಾದವು. ಪಂಕಜಾಕ್ಷಮ್ಮನವರು ತಮ್ಮ ಕಾಲಿನ ಹಿಂದೆ ತಾವೇ ಓಡುತ್ತ, ನಾನಲ್ಲ ಕಣೇ, ಇದು ನಾನಲ್ಲ ಎಂದು ಸಮಾಧಾನ ಹೇಳುತ್ತಿದ್ದರು.

"ರೀ, ಇದಕ್ಕೆ ಯಾವುದರ ತಲೆ ಹಾಕಿದ್ದೀರ?"

ಷಡಕ್ಷರಿಯವರು ಕಂಬದ ಹಿಂದಿನಿಂದ ಇಣುಕಿದರು. "ಆ ಬಡಿಸೋ ಗಾಡೀದು. ಸುಮ್ನೆ ಬಿದ್ದಿತ್ತಲ್ಲ ಅಂತ. ಕುಮಾನ್ ಅಂದ್ರೆ ಸಾಕು ಅಂತ ಚೆನ್ನಾಗೇ ಹೇಳ್ಕೊಟ್ಟಿದ್ದೆ ಕಣೇ."

ಪಂಕಜಾಕ್ಷಮ್ಮನವರಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. "ಮಂಗಳಾ, ಮೆತ್ತೆ ಬಿಸಾಕಿ ನನ್ನ ಮುಂದೆ ಒಂದು ಎಲೆ ಹಾಕು!"

"ಈಗ ಊಟಾನಾ ಅಕ್ಕ?"

"ಹಾಕೇ!"

ಮಂಗಳ ಕಟ್ಟಿನಿಂದ ಒಂದು ಬಾಳೆ ಎಲೆ ಎಳೆದು ನೆಲದ ಮೇಲೆ ಹಾಸಿ ಪಕ್ಕಕ್ಕೆ ನೆಗೆದಳು. ಪಂಕಜಾಕ್ಷಮ್ಮನವರು ಎರಡು ಒದೆಗಳ ನಡುವೆ ಬಗ್ಗಿ, ಎಲೆಯ ಮೇಲಂಚನ್ನು ತಮ್ಮ ಕಡೆಗೆ ಮರ್ಯಾದೆಯಾಗಿ ಮಡಚಿದರು. ಸೊಂಟದ ಡಬ್ಬಿಯ ಗಾಜಿನ ಕಣ್ಣು ಮಿಣುಕಿತು. ಮೇಲೆದ್ದ ಕಾಲು ಮೆಲ್ಲಗೆ ಕೆಳಗಿಳಿಯಿತು. ಡಬ್ಬಿ ನೆಗಡಿಯಾದ ದನಿಯಲ್ಲಿ "ಅನ್ನದಾತೋ ಸುಖೀಭವ" ಎಂದು ಹೇಳಿ ಸುಮ್ಮನಾಯಿತು.

ಬೋಪಯ್ಯನವರು ಬೆವರು ಒರೆಸಿಕೊಂಡರು. ಒದ್ದದ್ದು ಯಂತ್ರವಾದ್ದರಿಂದ ಪಾಸು ಮಾಡುವುದಾದರೆ ಯಂತ್ರವನ್ನೇ ಮಾಡಬೇಕಾಗುತ್ತದೆ ಎಂದು ಸೌಮ್ಯವಾಗಿಯೇ ಹೇಳಿದರು. ಪಂಕಜಾಕ್ಷಮ್ಮನವರಿಗೆ ಮಕ್ಕಳ ಸಾಲೂ, ಅದರಲ್ಲಿ ನಿಂತು ಕೈ ಬೀಸುವ ಮೊಮ್ಮಗಳೂ ಕಣ್ಮುಂದೆ ಬಂದರು. ಪಟ್ಟಿಗಳನ್ನೂ ಡಬ್ಬಿಯನ್ನೂ ಕಿತ್ತು ಗಂಡನ ಕೈಗೆ ಕೊಟ್ಟರು. "ಸರ್, ಈಗ ಕೇಳಿ" ಎಂದರು.

ಷಡಕ್ಷರಿಯವರು ಅವನ್ನು ಎಲ್ಲಿಡುವುದೆಂದು ತೋಚದೆ, ಡಬ್ಬಿಯನ್ನು ಹತ್ತಿರದಲ್ಲಿದ್ದ ಮಡಚುವ ಊಟದ ಟೇಬಲ್ಲಿಗೆ ಕಟ್ಟಿ, ಪಟ್ಟಿಗಳನ್ನು ಅದರ ಕಾಲುಗಳಿಗೆ ಬಿಗಿದರು.

"ಅಪ್ ಚಾಗಿ."

ಪಂಕಜಾಕ್ಷಮ್ಮನವರ ಕಾಲು ತಾನಾಗಿ ಎದ್ದಿತು. ವಾರವೆಲ್ಲ ಎಳೆಸಿಕೊಂಡ ಕಾಲಿಗೆ ಹೆಸರು ಬಾಯಿಪಾಠವಾಗಿತ್ತು. ದೊಲ್ಯೊ ಚಾಗಿ, ಸುತ್ತಿ ಬಂತು. "ಅರೆ ಮಕ್ಕಿ", ಕೆಳಗಿನ ತಡೆ ಎಂದಾಗ ಮಾತ್ರ ಒಂದು ಕ್ಷಣ ತಡೆದರು. ಪಟ್ಟಿ ಪಾಠ ಹೇಳಿದ್ದು ಕಾಲಿಗೆ, ಕೈಗಲ್ಲ. ಆಮೇಲೆ ಕಣ್ಣು ಮಡಚಿದ ಎಲೆಯ ಮೇಲೆ ಬಿತ್ತು. ಬಡಿಸಲು ಬಂದವರಿಗೆ ಅಡ್ಡ ಹಿಡಿಯುವ ಕೈ ಸರ್ರನೆ ಕೆಳಗಿಳಿಯಿತು. ಅದೇ ತಡೆ!

"ಕುಮಾನ್" ಎಂದರು ಬೋಪಯ್ಯನವರು, ಒಂದು ಹೆಜ್ಜೆ ಹಿಂದೆ ಸರಿದೇ.

ಪಂಕಜಾಕ್ಷಮ್ಮನವರು ನಿಂತರು. ನಿಲ್ಲದೆ ಇದ್ದದ್ದು ಟೇಬಲ್ಲು. ಅದೂ ಅಷ್ಟು ಹೊತ್ತು ಮೂಲೆಯಲ್ಲಿ ಕಾಲೆತ್ತಿ ಕಾಲೆತ್ತಿ ಪರೀಕ್ಷೆ ಬರೆಯುತ್ತಿತ್ತು! ಕುಮಾನ್ ಕೇಳಿ ಇನ್ನೊಂದು ಒದ್ದು, ಷಡಕ್ಷರಿಯವರನ್ನು ಎಲೆಕಟ್ಟಿನ ಮೇಲೆ ಕೂರಿಸಿತು. ಮಂಗಳ ಓಡಿಹೋಗಿ ಟೇಬಲ್ಲನ್ನೇ ಮಡಚಿದಳು. "ಅನ್ನದಾತೋ ಸುಖೀಭವ" ಎಂದಿತು ಟೇಬಲ್ಲು.

ಹಳದಿ ಬೆಲ್ಟನ್ನು ಪಂಕಜಾಕ್ಷಮ್ಮನವರ ಸೊಂಟಕ್ಕೆ ಕಟ್ಟಿದವಳು ಮಂಗಳ. ಕಟ್ಟುವಾಗ ತನ್ನ ಭುಜ ನೋಯುತ್ತಿರುವುದನ್ನೂ, ಮೊದಲು ಪಾಸಾದವಳು ತಾನೆಂಬುದನ್ನೂ ಹೇಳಲು ಮರೆಯಲಿಲ್ಲ.

ಆಮೇಲೆ ಎಲ್ಲರೂ ಉಪ್ಪಿಟ್ಟಿಗೆ ಕೂತರು. ಬಡಿಸುತ್ತ ಬಂದ ಪಂಕಜಾಕ್ಷಮ್ಮನವರಿಗೆ ಬೋಪಯ್ಯನವರು ಸಾಕಮ್ಮ ಎಂದರು. ಪಂಕಜಾಕ್ಷಮ್ಮನವರು ಇನ್ನೊಂದು ಸೌಟು ಹಾಕಿದರು. ಬೋಪಯ್ಯನವರು ಬಾಯಿ ತೆರೆದವರು ಅವರ ಕಾಲನ್ನೊಮ್ಮೆ ನೋಡಿ, ಎಲೆ ಮಡಚಿದರು.