ಮೂಲೆ ಹರಿದ ಕಾರ್ಡುಗಳು

ಅಂಚೆಚೀಟಿ ಕೂಡಿಸುವ ಹುಚ್ಚಿನಲ್ಲಿ ಅಭಿನಂದನ ಹುಡುಗನಾಗಿದ್ದಾಗ ಅಜ್ಜನ ಕಾರ್ಡುಗಳ ಮೂಲೆಗಳನ್ನೆಲ್ಲ ಕತ್ತರಿಸಿದ್ದ. ಆ ಕತ್ತರಿ ಶ್ರೀಪಾಲನ ಕುತ್ತಿಗೆಗೆ ಬಂದದ್ದು ಮಾತ್ರ ಈಗ.

ಅಜ್ಜ ರಾವಸಾಹೇಬರು ನಿಪ್ಪಾಣಿಯ ತಂಬಾಕು ವ್ಯಾಪಾರಿ. ಜಗತ್ತಿಗೆಲ್ಲ ಒಂದು ಭಾಷೆ ಇರಲಿ ಎಂದು ಯಾರೋ ಪುಣ್ಯಾತ್ಮರು ಕಟ್ಟಿದ ಎಸ್ಪೆರಾಂಟೊ ಕಲಿತು, ಜಪಾನು, ಹಂಗೇರಿ, ಬ್ರೆಜಿಲ್‌ಗಳ ಕಾಣದ ಗೆಳೆಯರೊಂದಿಗೆ ಬಾಳಿಡೀ ಪತ್ರ ನಡೆಸಿದ್ದರು. ತಂಬಾಕು ತುಂಬಿಡುತ್ತಿದ್ದ ಅವರ ವಖಾರಿ ಈಗ ಮ್ಯೂಸಿಯಂ. ಶ್ರೀಪಾಲ ಅದರ ಏಕೈಕ ನೌಕರ, ಪಾರಿವಾಳಗಳು ಅದರ ಕಾಯಂ ಪ್ರೇಕ್ಷಕರು.

“ಕಾರ್ಡಿನ ಪ್ರದರ್ಶನಕ್ಕ ಮಂದಿ ಬಂದ್ರ ಮ್ಯೂಸಿಯಂ ಉಳೀತೈತಿ. ಇಲ್ಲಂದ್ರ ಮರುದಿನಾನ ಜಾಗಾ ಬಾಡಿಗಿ ಕೊಡತೇನಿ,” ಎಂದಿದ್ದ ಮಾಲಿಕ ಅಭಿನಂದನ. ಶ್ರೀಪಾಲನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಸಂಬಳದ ಮೇಲೆ.

ಪ್ರದರ್ಶನದ ದಿನ ಬೆಳಿಗ್ಗೆ ಕಸ ಗುಡಿಸಲು ಬಂದ ಭೀಮಾಬಾಯಿ ಗೋಡೆ ತುಂಬ ಅಂಟಿಸಿದ್ದ ಕಾರ್ಡುಗಳನ್ನು ನೋಡಿ ಕಲ್ಲಾದಳು. ಸಾವಿನ ಸುದ್ದಿಯ ಕಾರ್ಡಿನ ಮೂಲೆ ಹರಿದು ಕಳಿಸುವುದು, ಓದಿದವರು ಅದನ್ನು ಹರಿದೊಗೆದು ಸ್ನಾನ ಮಾಡುವುದು ಈ ಸೀಮೆಯ ಹಳೆಯ ರೂಢಿ.

“ಇಷ್ಟ ಮಂದಿ ಒಮ್ಮೆಲೆ ಹೋದ್ರೇನ್ರಿ?”

“ಸ್ಟಾಂಪ್ ಕತ್ತರಿಸ್ಯಾರ ಭೀಮಕ್ಕ. ಯಾರೂ ಸತ್ತಿಲ್ಲ.”

“ಹಂಗಾರ ಇವ್ರೆಲ್ಲಾ ಜೀವಂತ ಅದಾರ?”

ಸುಳ್ಳು ಹೇಳಲು ಬಾರದ ಶ್ರೀಪಾಲ ತಲೆ ಕೆರೆದುಕೊಂಡ. “ಅಷ್ಟ ಹಳೇ ಮಂದಿ… ಈಗ ಇರಲಿಕ್ಕಿಲ್ಲ.”

“ಮತ್ತ?” ಎಂದವಳೇ ಕಸಬರಿಗೆ ಬಿಟ್ಟು ಸ್ನಾನಕ್ಕೆ ಹೋದಳು.

ಸುದ್ದಿ ತಂಬಾಕಿನ ಘಾಟಿನಂತೆ ಓಣಿಗೆಲ್ಲ ಏರಿತು. ಮಂಟಪ ಹಾಕುವ ನಾಮದೇವ ಬಂದು ಮಾವಿನ ತೋರಣ ಬಿಚ್ಚಿದ. “ದುಃಖದಾಗ ಪೇಢೆ ಹಂಚಬಾರದ್ರಿ,” ಎಂದು ಚಹಾದಂಗಡಿಯ ಭರಮು ಪೆಟ್ಟಿಗೆಯನ್ನೇ ವಾಪಸು ಒಯ್ದ. ನೆರೆಮನೆಯ ಕಾಂಚನ ಜುಣಕ, ರೊಟ್ಟಿಯ ಬುತ್ತಿ ತಂದಿಟ್ಟು, “ಮನ್ಯಾಗ ಒಲಿ ಹಚ್ಚಬ್ಯಾಡ್ರಿ. ಒಂದೀಟ ಅತ್ತಬಿಡ್ರಿ, ಹಗುರಾಕ್ಕೈತಿ,” ಎಂದಳು.

ಅಷ್ಟರಲ್ಲಿ ಹೆಂಡತಿ ಜಿನಮತಿಯ ಫೋನು. “ಮನೀಗೆ ಮಂದಿ ಬರಾಕತ್ತಾರ. ನಮ್ಮ ಪೈಕಿ ಯಾರ ಹೋದ್ರು? ನನಗ ಯಾಕ ಹೇಳಲಿಲ್ಲ?”

“ಹಂಗೇರಿಯವರು.”

“ಅವ್ರು ನಮಗ ಹೆಂಗ ಬೀಗರು?”

ಶ್ರೀಪಾಲ ಬಂದವರಿಗೆಲ್ಲ ಕನ್ನಡದಲ್ಲಿ ತಿಳಿಹೇಳಿದ, ಮರಾಠಿಯಲ್ಲಿ ತಿಳಿಹೇಳಿದ. ಎರಡೂ ಭಾಷೆಯವರು ತಿಳಿದುಕೊಂಡದ್ದು ಒಂದೇ: ಪಾಪ, ದುಃಖಕ್ಕೆ ತಲೆ ಕೆಟ್ಟಿದೆ.

ಸಂಜೆ ಅಭಿನಂದನನ ಕಾರು ಬಂದಾಗ ವಖಾರಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಕಾರ್ಡಿನ ಮುಂದೂ ಜನ ಕೈಮುಗಿದು ತಲೆ ತಗ್ಗಿಸಿ ನಿಂತಿದ್ದರು. ಮುದುಕನೊಬ್ಬ ಬ್ರೆಜಿಲ್ಲಿನವನಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಎಳೆದೆಳೆದು ಸೋತ ಕಬ್ಬಿನ ಗಾಡಿಯ ಎತ್ತಿಗೆ ಕಾರ್ಖಾನೆಯ ಗೇಟು ಕಂಡಂತೆ ಶ್ರೀಪಾಲನಿಗೆ ಜೀವ ಬಂತು.

“ಮಂದಿ ಬಂದಾರ್ರಿ ಸಾಹೇಬ್ರ. ಮ್ಯೂಸಿಯಂ ಉಳೀತಲ್ರಿ?”

ಅಭಿನಂದನ ಅವನ ಬೆನ್ನು ತಟ್ಟಿದ. “ಊರಾಗ ಶೋಕಸಭಾಕ್ಕ ಇಂಥಾ ಜಾಗಾ ಇನ್ನೊಂದಿಲ್ಲೋ ಶ್ರೀಪಾಲ. ಬಾಗಲದಾಗ ಆಗಲೇ ಇಬ್ಬರು ಕೇಳಿದ್ರು, ನಮ್ಮವರ ಸಭಾಕ್ಕೂ ಕೊಡತೀರೇನು ಅಂತ. ನಾಳಿಂದ ಅದಕ್ಕ ಬಾಡಿಗಿ ಕೊಡೂದು. ಇವನ್ನೆಲ್ಲಾ ಇಳಿಸಿ ಕೀಲಿ ನನ್ನ ಕೈಯಾಗ ಕೊಡು.”

ಶ್ರೀಪಾಲ ಇದ್ದಲ್ಲೇ ಕುಸಿದು ಕುಳಿತ. ಅವನ ಕಣ್ಣಲ್ಲಿ ನೀರು ಕಂಡದ್ದೇ ಕಾಂಚನ, “ಅಂತೂ ಅತ್ತರವ್ವ,” ಎಂದು ನಿಟ್ಟುಸಿರು ಬಿಟ್ಟಳು.

ಒದ್ದೆ ತಲೆಯ ಭೀಮಾಬಾಯಿ ಪಕ್ಕದಲ್ಲಿ ಬಂದು ಕೂತು, ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಮುರಿದು ಅವನ ಕೈಗಿಟ್ಟಳು.

“ಮುಂಜಾನಿಂದ ಹೇಳಾಕತ್ತೇನಿ, ನೀವ ಕೇಳಲಿಲ್ಲ. ಮೂಲಿ ಹರದ ಕಾರ್ಡ ಎಂದೂ ಸುಳ್ಳ ಹೇಳಂಗಿಲ್ರಿ.”